ದಾಟದ ಗುಂಡು

ಕೋವಿಯ ಹಿಂಬದಿಯಲ್ಲಿದ್ದ ಪುಟ್ಟ ದೀಪ ಕೆಂಪಾಗಿತ್ತು. ಕೆಂಪು ಎಂದರೆ ದಪ್ಪ ಗುಂಡು, ನೆಗೆದ ಚಿರತೆಯನ್ನು ನೆಗೆದಲ್ಲೇ ಕೆಡವುವಂಥದ್ದು. ಅದನ್ನು ನೋಡಿ ಅರಣ್ಯ ರಕ್ಷಕಿ ಚೆಲುವಾಜಮ್ಮನಿಗೆ ಒಂದಿಷ್ಟು ಧೈರ್ಯ ಬಂತು. ಆಲೆಮನೆಯ ಬಾಗಿಲಲ್ಲಿ ಮಂಡಿಯೂರಿ ಕೋವಿಯನ್ನು ಭುಜಕ್ಕೆ ಒತ್ತಿಕೊಂಡಳು. ಅಷ್ಟರಲ್ಲಿ ದೀಪ ಹಳದಿಗೆ ತಿರುಗಿತು.

"ಬಣ್ಣ ಬದ್ಲಾಯ್ತಲ್ಲಾ ಸಾರ್!" ಎಂದು ಪಿಸುಗುಟ್ಟಿದಳು.

ಅವಳ ಬೆನ್ನ ಹಿಂದೆ ನಿಂತಿದ್ದವರು ಡಾ. ವಿರೂಪಾಕ್ಷ ಹಂಚಿನಮನಿ. ಆ ಕೋವಿಯನ್ನು ರೂಪಿಸಿದ ವಿಜ್ಞಾನಿ, ಧಾರವಾಡದ ಕಡೆಯವರು. ತಮ್ಮ ಯಂತ್ರ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ಬೆಳಿಗ್ಗೆಯಷ್ಟೇ ಮಂಡ್ಯಕ್ಕೆ ಬಂದಿಳಿದಿದ್ದರು.

"ಚಿರತಿ ಹಿಂದ ಯಾರೋ ಬಂದು ನಿಂತಾರ್ರೀ ಅಕ್ಕಾರ," ಎಂದರು.

ಒಳಗೆ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯ ಮರೆಯಲ್ಲಿ ನಿಂಗರಾಜು ಸಿಕ್ಕಿಬಿದ್ದಿದ್ದ. ಇಲಾಖೆಯಲ್ಲಿ ಅರಿವಳಿಕೆ ಮದ್ದು ಹೊಡೆಯುವವನು ಅವನೇ, ಚೆಲುವಾಜಮ್ಮನ ಚಿಕ್ಕಮ್ಮನ ಮಗ. ಮದ್ದಿನ ಸೂಜಿಯನ್ನು ಚಿರತೆಯ ತೊಡೆಗೆ ಸರಿಯಾಗಿಯೇ ನೆಟ್ಟಿದ್ದ. ಆದರೆ ಮದ್ದು ತಲೆಗೇರಲು ಎಂಟು ನಿಮಿಷ ಬೇಕು, ಚಿರತೆಗೆ ಅವನನ್ನು ತಲುಪಲು ಒಂದು ನೆಗೆತ ಸಾಕು. ಅದು ಒಲೆಯ ಪಕ್ಕದಲ್ಲಿ ಮೈ ಹಿಡಿ ಮಾಡಿಕೊಂಡು ಕುಳಿತು ಅವನನ್ನೇ ನೋಡುತ್ತಿತ್ತು. ಅದರ ಹಿಂದಕ್ಕೆ ಗೋಡೆಯಿರಲಿಲ್ಲ. ಕಬ್ಬಿನ ಸಿಪ್ಪೆ ಒಣಹಾಕುವ ಬಯಲು, ಬಯಲಿನಾಚೆ ಕಬ್ಬಿನ ಗದ್ದೆ.

ಇಲ್ಲಿ ಸ್ವಲ್ಪ ನಿಂತು ಈ ಕೋವಿಯ ವಿಷಯ ಹೇಳಲೇಬೇಕು. ಓದುವವರು ಹೆದರಬೇಕಾಗಿಲ್ಲ, ಚಿರತೆ ಅಲ್ಲಿಯೇ ಇರುತ್ತದೆ.

ಕಬ್ಬಿನ ಸಾಲಿನಲ್ಲಿ, ಕೊಟ್ಟಿಗೆಯಲ್ಲಿ, ಆಲೆಮನೆಯ ಇಕ್ಕಟ್ಟಿನಲ್ಲಿ ಉದ್ದ ಕೋವಿ ಹಿಡಿದು ತಿರುಗಲು ಆಗುವುದಿಲ್ಲ. ನಳಿಕೆ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕಾವಲಿನವರಿಗೆ ಮೊಳದುದ್ದ ನಳಿಕೆಯ ಗಿಡ್ಡ ಕೋವಿ ಬಂತು. ಅದಕ್ಕೆ ಅದರದೇ ರೋಗ. ಗುಂಡಿಗೆ ವೇಗ ಬರುವುದು ನಳಿಕೆಯೊಳಗೆ. ನಳಿಕೆ ಗಿಡ್ಡವಾದರೆ ವೇಗ ಕಡಿಮೆ. ಮೈಗೆ ಬಡಿದೊಡನೆ ಅಗಲವಾಗಿ ಅರಳಿ ಒಳಗೇ ನಿಲ್ಲಬೇಕಾದ ದಪ್ಪ ಗುಂಡು ಅಷ್ಟು ವೇಗವಿಲ್ಲದೆ ಅರಳುವುದೇ ಇಲ್ಲ, ಸೂಜಿಯ ಹಾಗೆ ಈಚೆಯಿಂದ ಆಚೆಗೆ ಹೋಗುತ್ತದೆ. ಆಚೆ ಇರುವವರ ಗತಿ? ಅದಕ್ಕಾಗಿ ಬಡಿದೊಡನೆ ಪುಡಿಯಾಗುವ ಹಗುರ ಗುಂಡನ್ನು ಮಾಡಿದರು. ಅದು ಯಾರನ್ನೂ ದಾಟಿ ಹೋಗುವುದಿಲ್ಲ, ನೆಗೆದ ಚಿರತೆಯನ್ನು ನಿಲ್ಲಿಸುವುದೂ ಇಲ್ಲ. ಮೂರನೆಯದು ಬರೀ ಸದ್ದು.

ಇವುಗಳಲ್ಲಿ ಯಾವುದನ್ನು ತುಂಬುವುದು? ಚೆಲುವಾಜಮ್ಮ ಹತ್ತು ವರ್ಷ ಪ್ರತಿ ಬೆಳಿಗ್ಗೆ ಕಾಡತೂಸಿನ ಪೆಟ್ಟಿಗೆಯ ಮುಂದೆ ನಿಂತು ಇದನ್ನೇ ಕೇಳಿಕೊಂಡಿದ್ದಳು. ಎರಡು ವರ್ಷದ ಹಿಂದೆ ಒಂದು ದಿನ ದಪ್ಪ ಗುಂಡು ತುಂಬಿದಳು. ಅದು ಚಿರತೆಯನ್ನು ದಾಟಿ, ಬೇಲಿಯಾಚೆ ನಿಂತಿದ್ದ ಮಂಚಯ್ಯ ಎಂಬವರ ತೊಡೆಗೆ ಹೊಕ್ಕಿತು. ಮಂಚಯ್ಯ ಬದುಕಿಕೊಂಡರು, ಕೋಲು ಹಿಡಿದರು. ಅಂದಿನಿಂದ ಅವಳಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ಆಗ ಬಂದದ್ದು ಹಂಚಿನಮನಿಯವರ 'ಹಿನ್ನೋಟಕ'. ಕೋವಿಯ ನೆತ್ತಿಯ ಮೇಲೆ ಕೂರುವ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಎದುರಿಗಿರುವ ಪ್ರಾಣಿಯನ್ನಷ್ಟೇ ಅಲ್ಲ, ಅದರ ಹಿಂದೆ ನೂರು ಮಾರಿನವರೆಗೆ ಮನುಷ್ಯರ ಮೈಯ ಕಾವನ್ನು ಹುಡುಕುತ್ತದೆ. ಯಾರೂ ಇಲ್ಲದಿದ್ದರೆ ದಪ್ಪ ಗುಂಡನ್ನು ನಳಿಕೆಗೆ ತಳ್ಳುತ್ತದೆ. ಒಬ್ಬಿಬ್ಬರು ದೂರದಲ್ಲಿದ್ದರೆ ಪುಡಿಯಾಗುವುದನ್ನು. ಹತ್ತಿರದಲ್ಲಿ ಗುಂಪಿದ್ದರೆ ಬರೀ ಸದ್ದಿನದನ್ನು.

"ಹಂಗಾದ್ರೆ ನಾನು ಆರಿಸ್ಬೇಕಾಗೇ ಇಲ್ವಾ ಸಾರ್?" ಎಂದು ತರಬೇತಿಯಲ್ಲಿ ಅವಳು ಕೇಳಿದ್ದಳು.

"ಇಲ್ರೀ. ನೀವು ಗುರಿ ಇಟ್ರ ಸಾಕು, ಆರಿಸೂ ಸಂಕಟ ಅದಕ್ಕಿರ್ಲಿ," ಎಂದು ಅವರು ನಕ್ಕಿದ್ದರು. ಅವಳಿಗೆ ಅಲ್ಲಿಯೇ ಕಣ್ಣು ತುಂಬಿ ಬಂದಿತ್ತು.

ಇಲಾಖೆಯವರು ಸುಮ್ಮನಿರುತ್ತಾರೆಯೇ? ಹಂಚಿನಮನಿಯವರನ್ನೇ ನಿಲ್ಲಿಸಿ ವಿಡಿಯೊ ಮಾಡಿ ಊರೂರಿಗೆ ಹಂಚಿದರು. "ಇನ್ನು ಮುಂದೆ ಗುಂಡು ಪ್ರಾಣಿಯನ್ನು ದಾಟಿ ಯಾರಿಗೂ ತಗುಲುವುದಿಲ್ಲ. ನಿರ್ಭಯವಾಗಿರಿ." ಮಾತು ಸುಳ್ಳಲ್ಲ. ಆದರೆ ನಮ್ಮ ಜನಕ್ಕೆ ನಿರ್ಭಯವಾಗಿರಿ ಎಂದು ಯಾರಾದರೂ ಹೇಳುತ್ತಾರೆಯೇ! ಮುಂಚೆ ಕೋವಿ ಕಂಡರೆ ತಾರಸಿ ಹತ್ತುತ್ತಿದ್ದವರು ಈಗ ಮೊಬೈಲು ಎತ್ತಿಕೊಂಡು ನೆಲಕ್ಕಿಳಿದು ಬಂದರು. ಕೋವಿಯ ಕಡೆ ನಿಂತರೆ ಚಿರತೆಯಷ್ಟೇ ಕಾಣುತ್ತದೆ, ಕೋವಿ ಹಾರಿಸುವವರ ಮುಖವೂ ಬೇಕಾದರೆ ಚಿರತೆಯ ಹಿಂದೆ ನಿಲ್ಲಬೇಕಲ್ಲವೇ? ಹಾಗಾಗಿ ಹಿಂದೆಯೇ ನಿಂತರು.

ಈಗಲೂ ಅದೇ ಆಯಿತು. ಪೊಲೀಸರು ರಸ್ತೆಗೆ ಹಗ್ಗ ಕಟ್ಟಿದ್ದರೆ, ಜನ ಕಬ್ಬಿನ ಗದ್ದೆಯೊಳಗಿಂದ ನುಸುಳಿ ಸಿಪ್ಪೆಯ ಬಯಲಿಗೆ ಬಂದರು. ಮೊದಲು ಇಬ್ಬರು, ಆಮೇಲೆ ಹತ್ತು, ಆಮೇಲೆ ನಲವತ್ತು. ಹೆಂಗಸರೂ ಇದ್ದರು, ಸೊಂಟದ ಮೇಲೆ ಮಕ್ಕಳೂ ಇದ್ದವು.

ದೀಪ ಬಿಳಿಯಾಯಿತು. ಬರೀ ಸದ್ದು.

"ಹೋಗ್ರಪ್ಪೋ! ನಿಮ್ಮ ಕಾಲಿಗೆ ಬೀಳ್ತೀನಿ, ಆಚೆಗೋಗಿ!" ಚೆಲುವಾಜಮ್ಮ ಕೂಗಿದಳು.

"ಹೊಡೀಯವ್ವ ನೀನು! ನಮಗೇನೂ ಆಗಕಿಲ್ಲ, ಬುದ್ವಂತ ಕೋವಿ ಕಣವ್ವ ಅದು!" ಎಂದು ಬಯಲಿನಿಂದ ಒಬ್ಬ ಉತ್ತರ ಕೊಟ್ಟ. ಪಕ್ಕದವನು ಮೊಬೈಲನ್ನು ಇನ್ನೂ ಮೇಲೆತ್ತಿದ.

ಎಡಕ್ಕೆ ಸರಿದರೆ ನಿಂಗರಾಜುವೇ ಗುಂಡಿನ ದಾರಿಗೆ ಬರುತ್ತಿದ್ದ. ಬಲಕ್ಕೆ ಗಾಣದ ಯಂತ್ರ. ಚಿರತೆ ಮುಂಗಾಲನ್ನು ಒಂದು ಗೇಣು ಮುಂದಿಟ್ಟಿತು.

"ಅಕ್ಕಾ..." ಕೊಪ್ಪರಿಗೆಯ ಹಿಂದಿನಿಂದ ನಿಂಗರಾಜುವಿನ ದನಿ ಬಂತು. ಮಗುವಿನ ದನಿಯ ಹಾಗಿತ್ತು. "ಅಕ್ಕಾ, ಅದು ಬತ್ತಾ ಅದೆ."

"ಸಾರ್, ಕೆಂಪು ಮಾಡಿ ಸಾರ್! ನನ್ನ ತಮ್ಮ ಸಾರ್ ಅವ್ನು!"

"ಮಾಡಾಕ ಬರಂಗಿಲ್ಲವಾ, ಎದುರಿಗೆ ನಲವತ್ತು ಮಂದಿ ಅದಾರ!"

ಕೋವಿಯ ಬದಿಯಲ್ಲಿ ಮೊಹರು ಹಾಕಿದ ಒಂದು ಕೀಲಿಯಿತ್ತು. ತಿರುಗಿಸಿದರೆ ಹಿನ್ನೋಟಕ ಸುಮ್ಮನಾಗಿ, ಆಯ್ಕೆ ಮತ್ತೆ ಅವಳ ಕೈಗೆ ಬರುತ್ತಿತ್ತು. ಚೆಲುವಾಜಮ್ಮನ ಹೆಬ್ಬೆರಳು ಅದರ ಮೇಲೆ ಹೋಗಿ ಕುಳಿತಿತು. ಮಂಚಯ್ಯನವರ ಕೋಲು ಕಣ್ಣ ಮುಂದೆ ಬಂತು. ಹೆಬ್ಬೆರಳು ಕೀಲಿಯನ್ನು ತಿರುಗಿಸಲಿಲ್ಲ, ಅಲ್ಲಿಂದ ಸರಿಯಲೂ ಇಲ್ಲ.

ಹಂಚಿನಮನಿಯವರು ಆ ಬೆರಳನ್ನು ನೋಡಿದರು. ಹನ್ನೊಂದು ವರ್ಷ ಅವರು ಆ ಯಂತ್ರಕ್ಕೆ ಮನುಷ್ಯರನ್ನು ಗುರುತಿಸುವುದನ್ನು ಕಲಿಸಿದ್ದರು. ಮನುಷ್ಯರು ಏನು ಮಾಡುತ್ತಾರೆಂಬುದನ್ನು ತಾವೇ ಕಲಿತಿರಲಿಲ್ಲ. ಗಟ್ಟಿಯಾಗಿ ಕೂಗಿದರೆ ಚಿರತೆ ನೆಗೆಯಬಹುದು. ಕೂಗದಿದ್ದರೂ ನೆಗೆಯುತ್ತದೆ. ಹೊರಗೆ ನಿಂತಿದ್ದ ಇಲಾಖೆಯ ಜೀಪಿನ ಧ್ವನಿವರ್ಧಕವನ್ನು ಕಿತ್ತುಕೊಂಡು ಬಾಗಿಲ ನಡುವೆ, ಎಲ್ಲರಿಗೂ ಮುಖ ಕಾಣುವ ಹಾಗೆ ನಿಂತರು.

"ಕೋವಿ ಕೆಟ್ಟೈತಿ! ಗುಂಡು ಪಾರಾಗತೈತಿ! ನಾನು ಹೇಳಿದ್ದೆಲ್ಲಾ ಸುಳ್ಳು, ಓಡ್ರೀ! ಸಾಯ್ತೀರಿ, ಓಡ್ರೀ!"

ಒಂದು ಗಳಿಗೆ ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬಳು ಚೀರಿದಳು, "ಅಯ್ಯಯ್ಯಪ್ಪೋ! ವಿಡಿಯೊದಾಗೆ ಬಂದೋನೇ ಹೇಳ್ತಾವ್ನೆ ಕಣ್ರೋ!" ಬಯಲು ಚೆದುರಿತು. ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು, ಚಪ್ಪಲಿ ಬಿಟ್ಟು, ಒಬ್ಬರ ಮೇಲೊಬ್ಬರು ಬಿದ್ದು ಕಬ್ಬಿನೊಳಕ್ಕೆ ನುಗ್ಗಿ, ಗುಂಡಿನ ದಾರಿ ಬಿಟ್ಟು ರಸ್ತೆಯ ಕಡೆ ಓಡಿದರು.

ಬಿಳಿ. ಹಳದಿ. ಚಿರತೆ ನೆಗೆಯಿತು. ಕೆಂಪು.

ಚೆಲುವಾಜಮ್ಮ ಗುಂಡು ಹಾರಿಸಿದಳು.

ಪ್ರಾಣಿ ಕೊಪ್ಪರಿಗೆಯ ಅಂಚಿಗೆ ಬಡಿದು ನೆಲಕ್ಕೆ ಬಿತ್ತು. ಗುಂಡು ಅದನ್ನು ದಾಟಿ ಬಯಲಿನ ಮಣ್ಣಿನಲ್ಲಿ ಹುದುಗಿಕೊಂಡಿತು. ಸ್ವಲ್ಪ ಮುಂಚೆ ಅಲ್ಲಿ ಎಷ್ಟು ಜನ ನಿಂತಿದ್ದರೆಂದು ಚೆಲುವಾಜಮ್ಮನಿಗೆ ಗೊತ್ತಿತ್ತು. ನಿಂಗರಾಜುವಿನ ಹೆಗಲಿನಲ್ಲಿ ನಾಲ್ಕು ಉಗುರಿನ ಗೀರು, ಬೇರೇನೂ ಇಲ್ಲ. ಅವನನ್ನು ತಬ್ಬಿಕೊಂಡು ಅವಳು ಅತ್ತಳು. ಆಮೇಲೆ ಚಿರತೆಯ ಬಳಿ ಕುಳಿತು ಅದರ ತಲೆ ಸವರಿ, "ಇನ್ನು ಆರು ನಿಮಿಷ ಕಳೆದಿದ್ರೆ ಮಲಗಿರ್ತಿದ್ದೆ ಕಣವ್ವ, ನೀನೂ ಉಳ್ಕೋತಿದ್ದೆ," ಎಂದು ಮತ್ತೆ ಅತ್ತಳು.

ಸಂಜೆಯೊಳಗೆ ಹಂಚಿನಮನಿಯವರ ಕೂಗು ನಾಡಿಗೆಲ್ಲ ತಲುಪಿತು. ತನಿಖೆ ನಡೆಯಿತು. ಯಂತ್ರವನ್ನು ಬಿಚ್ಚಿ ನೋಡಿದರು, ಒಂದು ದೋಷವೂ ಸಿಗಲಿಲ್ಲ. "ಹಾಗಾದರೆ ಕೋವಿ ಸರಿಯಿದೆ ಎಂದು ಇನ್ನೊಂದು ವಿಡಿಯೊದಲ್ಲಿ ಹೇಳಿಬಿಡಿ," ಎಂದರು ಮೇಲಧಿಕಾರಿ.

"ಹೇಳಿದ್ರ ಮತ್ತ ಬಂದು ನಿಲ್ತಾರ್ರೀ," ಎಂದರು ಹಂಚಿನಮನಿ.

"ಹೇಳದಿದ್ದರೆ ನಿಮ್ಮ ಹೆಸರು ಉಳಿಯುವುದಿಲ್ಲ."

ಸಾಕ್ಷಿ ಹೇಳಲು ಬಂದಿದ್ದ ಚೆಲುವಾಜಮ್ಮ ಎದ್ದು ನಿಂತಳು. "ವಿಡಿಯೊ ಮಾಡ್ದಿದ್ರೂ ಕೋವಿ ಕಿತ್ಕೋಬೇಡಿ ಸಾರ್, ನಮಗಿರ್ಲಿ," ಎಂದಳು. ಹಂಚಿನಮನಿಯವರ ಕಡೆ ತಿರುಗಿ ಕೈ ಮುಗಿದಳು.

ಅಧಿಕಾರಿ ಕಡತ ಮುಚ್ಚಿದರು. ಕೋವಿಗಳು ಕಾವಲಿನವರ ಬಳಿಯೇ ಉಳಿದವು. ಹೊಸ ವಿಡಿಯೊ ಬರಲಿಲ್ಲ. ಹಂಚಿನಮನಿಯವರಿಗೆ ಬರಬೇಕಿದ್ದ ಪ್ರಶಸ್ತಿ ಬೇರೆಯವರ ಪಾಲಾಯಿತು, ಹೊರ ರಾಜ್ಯಗಳು ಹಿನ್ನೋಟಕ ಬೇಡವೆಂದವು. ಅವರ ಅಕ್ಕನೇ ಫೋನು ಮಾಡಿ, "ಅಷ್ಟು ವರ್ಷ ಮಾಡಿ ಹಿಂಗ್ಯಾಕ ಮಾಡಿದ್ಯೋ ವಿರೂಪಾ," ಎಂದು ಕೇಳಿದರು. ಆ ಮಾತು ಹಂಚಿನಮನಿಯವರಿಗೆ ನೋಯದೆ ಇರಲಿಲ್ಲ.

ನಾಲ್ಕು ತಿಂಗಳ ಮೇಲೆ ಪಕ್ಕದ ಹೋಬಳಿಯ ಊರೊಂದರಲ್ಲಿ ಚಿರತೆ ಒಂದು ಕೊಟ್ಟಿಗೆಗೆ ನುಗ್ಗಿತು. ಚೆಲುವಾಜಮ್ಮ ಹೇಳಿಕಳಿಸಿದಳೆಂದು ಹಂಚಿನಮನಿಯವರೂ ಮುಖಕ್ಕೆ ಟವಲು ಸುತ್ತಿಕೊಂಡು ಬಂದರು. ಜೀಪು ಬೀದಿಯ ತಿರುವಿಗೆ ಬಂದದ್ದೇ ತಡ, "ಕೆಟ್ಟ ಕೋವಿಯೋರು ಬಂದ್ರು! ಒಳಿಕ್ಕೆ ನಡೀರ್ಲಾ!" ಎಂದು ಯಾರೋ ಕೂಗಿದರು. ಬಾಗಿಲುಗಳು ಧಡಧಡನೆ ಮುಚ್ಚಿಕೊಂಡವು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ.

ದೀಪ ಕೆಂಪಾಯಿತು, ಕೆಂಪಾಗಿಯೇ ಉಳಿಯಿತು. ನಿಂಗರಾಜು ಮದ್ದು ಹೊಡೆದ. ಕೆಣಕುವ ಗದ್ದಲವಿಲ್ಲದ್ದರಿಂದ ಚಿರತೆ ನೆಗೆಯಲಿಲ್ಲ. ಹುಲ್ಲಿನ ಮೆದೆಗೆ ಒರಗಿತು, ಎಂಟನೆಯ ನಿಮಿಷಕ್ಕೆ ತಲೆಯಿಟ್ಟು ಮಲಗಿತು. ಚೆಲುವಾಜಮ್ಮ ಕೋವಿಯಿಂದ ಗುಂಡನ್ನು ಇಡಿಯಾಗಿ ಹೊರತೆಗೆದು ಕೈಯಲ್ಲಿಟ್ಟುಕೊಂಡು ನೋಡಿದಳು.

ಬೋನನ್ನು ಜೀಪಿಗೆ ಏರಿಸುವಾಗ ಎದುರು ಮನೆಯ ಬಾಗಿಲು ಗೇಣಷ್ಟು ತೆರೆಯಿತು. ಮುದುಕಿಯೊಬ್ಬಳು ಲೋಟದ ತುಂಬ ಮಜ್ಜಿಗೆ ಹಿಡಿದು ಹಂಚಿನಮನಿಯವರನ್ನು ಕರೆದಳು. ಬಿಸಿಲಿಗೆ ಸೋತಿದ್ದ ಅವರು ಟವಲು ಸರಿಸಿ ಒಂದೇ ಗುಟುಕಿಗೆ ಕುಡಿದರು. ಅವಳಿಗೆ ಗುರುತು ಸಿಗಲಿಲ್ಲ.

"ಆ ಕೋವಿ ಹತ್ರ ನಿಂತ್ಕಬೇಡಿ ಸ್ವಾಮಿ," ಎಂದಳು, ಅವರ ತೋಳು ಹಿಡಿದು. "ಯಾವನೋ ಡಾಕ್ಟ್ರು ಮಾಡಿದ್ನಂತೆ, ಅವನ ಕೈ ಸೇದೋಗ. ಮನೇಲಿ ನಿಮ್ಗೂ ಕಾಯ್ಕಂಡಿರೋರು ಇರ್ತಾರಲ್ವಾ?"

"ಅದಾರವಾ," ಎಂದರು ಹಂಚಿನಮನಿ, ಲೋಟ ಹಿಂತಿರುಗಿಸುತ್ತ. "ನಿಂದ್ರಂಗಿಲ್ಲ. ನೀವೂ ಹೊರಗ ಬರಬ್ಯಾಡ್ರೀ."

ಮುದುಕಿ ತಲೆಯಾಡಿಸಿ ಒಳಗೆ ಹೋಗಿ ಅಗಳಿ ಹಾಕಿಕೊಂಡಳು.