ಅಮ್ಮನ ಟೇಬಲಿನ ಗೆಸ್ಟು

ಮಳೆಗಾಲ ಮುಗಿದಿತ್ತು. ಕಡಲು ಕೆಸರುಬಣ್ಣ ಬಿಟ್ಟು ನೀಲಿಯಾಗುತ್ತಿತ್ತು. ಹೋಟೆಲಿನ ಮುಂದಿನ ಮರಳಿನಲ್ಲಿ ಇಬ್ಬರು ಗಂಡಸರು ಅಲೆ ತಂದು ಹಾಕಿದ ಕಸ ಗೋರುತ್ತಿದ್ದರು. ಮತ್ತೊಬ್ಬ ದೊಡ್ಡ ದೊಡ್ಡ ಛತ್ರಿಗಳನ್ನು ತಂದು ನೆಡುತ್ತಿದ್ದ. ಈಜುಕೊಳದ ಅಂಚಿಗೆ ಬಳಿದ ಬಣ್ಣದ ವಾಸನೆ ಗೇಟಿನವರೆಗೂ ಬರುತ್ತಿತ್ತು.

ಗೇಟಿನ ಹತ್ತಿರ ಚೂಟಿ ಕೈ ಮುಂದೆ ಚಾಚಿ ನಿಂತಿದ್ದಳು. ಕೌಂಟರಿನ ಅಕ್ಕ ಅವಳ ಮಣಿಕಟ್ಟಿಗೆ ನೀಲಿ ಬ್ಯಾಂಡ್ ಸುತ್ತಿದಳು.

"ಇದಿದ್ರೆ ಎಲ್ಲಾ ಸೇರಿದ ಹಾಗೆ. ಊಟ, ಜ್ಯೂಸ್, ಐಸ್‌ಕ್ರೀಮ್, ಪೂಲ್. ಎಷ್ಟು ಅಂತ ಯಾರನ್ನೂ ಕೇಳೋ ಹಾಗಿಲ್ಲ."

"ಎರಡು ಐಸ್‌ಕ್ರೀಮ್ ತಿಂದ್ರೆ?" ಎಂದು ತಮ್ಮ ಕೇಳಿದ.

"ಹೊಟ್ಟೆ ನಿಂದು," ಎಂದಳು ಕೌಂಟರಿನ ಅಕ್ಕ.

ಮಳೆ ಮುಗಿಯುವ ತನಕ ಹೋಟೆಲು ಮುಚ್ಚಿರುತ್ತದೆ. ಮತ್ತೆ ತೆರೆಯುವ ಮೊದಲು, ಕೆಲಸದವರ ಮನೆಮಂದಿಯನ್ನೆಲ್ಲ ಕರೆದು ಒಂದು ರಾತ್ರಿ ಉಳಿಸಿಕೊಳ್ಳುತ್ತಾರೆ. ಅದು ಒಂದು ಥರ ರಿಹರ್ಸಲ್. ಮನೆಯವರು ಗೆಸ್ಟುಗಳು, ಕೆಲಸದವರು ಕೆಲಸದವರೇ. ಎಲ್ಲಿ ನಲ್ಲಿ ಸೋರುತ್ತದೆ, ಯಾರ ಕೈ ನಿಧಾನ, ಎಲ್ಲ ಆಗಲೇ ಗೊತ್ತಾಗಿಬಿಡಬೇಕು.

ಚೂಟಿಯ ಅಮ್ಮ ಇಷ್ಟು ವರ್ಷವೂ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ಈ ಸಲ ಊಟದ ಹಾಲ್‌ನಲ್ಲಿ ಬಡಿಸಲು ಹಾಕಿದ್ದರು. ಸೂಪರ್‌ವೈಸರ್ ಮೇಡಂ ನೋಡುತ್ತಾರೆ. ಅವರಿಗೆ ಸರಿ ಅನಿಸಿದರೆ ಅಲ್ಲೇ ಕೆಲಸ. ಇಲ್ಲವೆಂದರೆ ಮತ್ತೆ ಹಿಂದುಗಡೆ, ಸೋಪುನೀರಿಗೆ.

ಹೊರಡುವ ಹಿಂದಿನ ದಿನ ಅಮ್ಮ ಹೇಳಿದ್ದಳು: "ಅಲ್ಲಿ ನೀವು ನನ್ನ ಟೇಬಲಿನ ಗೆಸ್ಟುಗಳು. ಅಮ್ಮಾ ಅಂತ ಕೂಗಬಾರದು."

"ಮತ್ತೆ ಏನಂತ ಕೂಗ್ಲಿ?"

"ಕೂಗೋದೇ ಬೇಡ. ನೀವು ಕೂಗೋ ಮುಂಚೆ ನಾನು ಬಂದಿರಬೇಕು. ಅದೇ ಕೆಲಸ."

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಬಂದಳು. ಬಿಳಿ ಶರಟು, ಕಪ್ಪು ಏಪ್ರನ್, ಕೂದಲನ್ನೆಲ್ಲ ಹಿಂದಕ್ಕೆ ಬಾಚಿ ಕಟ್ಟಿದ ಗಂಟು. ಅಪ್ಪ ತನಗೇ ಗೊತ್ತಿಲ್ಲದೆ ಅರ್ಧ ಎದ್ದು ನಿಂತು, ಮತ್ತೆ ಕೂತ.

"ಗುಡ್ ಆಫ್ಟರ್‌ನೂನ್ ಸರ್. ಕುಡಿಯೋಕೆ ಏನು ತರಲಿ?"

"ಅಮ್ಮಾ..." ಎಂದ ತಮ್ಮ.

"ಹೇಳಿ ಸರ್."

ತಮ್ಮ ನಗು ತಡೆಯಲಾರದೆ ಟೇಬಲಿನ ಕೆಳಗೆ ಇಳಿದುಬಿಟ್ಟ. ಅಪ್ಪ ಅವನ ಕಾಲರ್ ಹಿಡಿದು ಮೇಲೆತ್ತಿದ.

ಪಕ್ಕದ ಟೇಬಲಿನಲ್ಲಿ ಹೋಟೆಲಿನ ಡ್ರೈವರ್ ಮಾಮನ ಮಗ ಕೂತಿದ್ದ. ಚೂಟಿಯ ಕ್ಲಾಸಿನವನೇ. ಗೆಸ್ಟ್ ಆಗುವುದೆಂದರೆ ತಪ್ಪು ಹುಡುಕುವುದು ಎಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. "ಈ ಜ್ಯೂಸ್ ಕೋಲ್ಡ್ ಇಲ್ಲ, ಬೇರೆ ತನ್ನಿ," ಎಂದು ಕುರ್ಚಿಗೆ ಒರಗಿ ಹೇಳುತ್ತಿದ್ದ. ಅಮ್ಮ ನಗುತ್ತಲೇ ಲೋಟ ಬದಲಾಯಿಸಲು ಹೋದಳು.

ಚೂಟಿಯ ಊಟ ಮುಗಿಯಿತು. ಅಪ್ಪನದೂ ತಮ್ಮನದೂ ಮುಗಿದಿತ್ತು. ಚೂಟಿ ಎದ್ದಳು, ಮೂರು ತಟ್ಟೆಗಳನ್ನೂ ಒಂದರ ಮೇಲೊಂದು ಇಟ್ಟುಕೊಂಡಳು, ಅಡುಗೆಮನೆಯ ಬಾಗಿಲಿನ ಕಡೆ ನಡೆದಳು. ಅವಳೇನೂ ಯೋಚನೆ ಮಾಡಿ ಎದ್ದದ್ದಲ್ಲ. ದಿನವಿಡೀ ನೀರಿನಲ್ಲಿ ಕೈ ನೆನೆಸಿ ಬಂದ ಅಮ್ಮನಿಗೆ ಮನೆಯಲ್ಲೂ ತಟ್ಟೆ ಬಿಡಬಾರದೆಂದು ಅವರ ಮನೆಯಲ್ಲಿ ಉಂಡವರೇ ತೊಳೆಯುತ್ತಿದ್ದರು. ಊಟ ಮುಗಿದರೆ ಕಾಲು ತಾನಾಗಿ ಏಳುತ್ತಿತ್ತು.

"ಎಲ್ಲಿಗೆ ಮೇಡಂ?" ಬಾಗಿಲಲ್ಲಿ ಸೂಪರ್‌ವೈಸರ್ ಅಡ್ಡ ನಿಂತಿದ್ದರು.

"ತೊಳೆಯೋಕೆ."

ಡ್ರೈವರ್ ಮಾಮನ ಮಗ ಕಿಸಕ್ಕನೆ ನಕ್ಕ. ಸೂಪರ್‌ವೈಸರ್ ನಗಲಿಲ್ಲ. "ಈ ಟೇಬಲ್ ಯಾರದು?"

ಅಮ್ಮ ಜ್ಯೂಸಿನ ಲೋಟ ಹಿಡಿದು ಓಡೋಡಿ ಬಂದಳು.

"ಗೆಸ್ಟೇ ತಟ್ಟೆ ಹೊತ್ತುಕೊಂಡು ಬರೋ ತನಕ ನೀವೆಲ್ಲಿದ್ರಿ?"

"ಸಾರಿ ಮೇಡಂ. ನನ್ನದೇ ತಪ್ಪು."

ಅವರ ತಪ್ಪಲ್ಲ, ನನ್ನ ಅಭ್ಯಾಸ ಅದು ಎಂದು ಹೇಳಲು ಚೂಟಿ ಬಾಯಿ ತೆರೆದಳು. ಅಮ್ಮನ ಕಣ್ಣು ಬೇಡ ಎಂದಿತು. ಅಮ್ಮ ತಟ್ಟೆಗಳನ್ನು ಇಸಿದುಕೊಂಡು ಒಳಗೆ ಹೋದಳು.

ಆಮೇಲೆ ಈಜುಕೊಳದ ನೀರು ಎಷ್ಟು ನೀಲಿಯಿದ್ದರೂ ಚೂಟಿಗೆ ರುಚಿಸಲಿಲ್ಲ. ಅವಳು ಬಂದು ಅಪ್ಪನ ಪಕ್ಕ ಕೂತಳು.

"ಅಮ್ಮಂಗೆ ಬೈದ್ರಪ್ಪ."

"ಕೇಳಿಸ್ತು."

"ನನ್ನಿಂದ ಮತ್ತೆ ಪಾತ್ರೆಗೆ ಹಾಕಿಬಿಟ್ರೆ?"

"ರಾತ್ರಿ ಊಟ ಇನ್ನೂ ಬಾಕಿ ಇದೆಯಲ್ಲ."

"ಆಗ ನಾನೇನು ಮಾಡ್ಲಿ?"

"ಏನೂ ಮಾಡಬೇಡ. ಸುಮ್ಮನೆ ಕೂತಿರು."

"ಸುಮ್ಮನೆ ಕೂತಿರೋದು ಹೇಗಪ್ಪಾ?"

ದಿನವೂ ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಅಪ್ಪನಿಗೂ ಆ ಉದ್ದ ಕುರ್ಚಿಯಲ್ಲಿ ಒರಗಲು ಬಂದಿರಲಿಲ್ಲ. ಯಾರೋ ಬಿಟ್ಟುಹೋದ ಒದ್ದೆ ಟವೆಲುಗಳನ್ನು ಆಗಲೇ ಹಿಂಡಿ ಸಾಲಾಗಿ ಹರವಿದ್ದ.

ರಾತ್ರಿ ಊಟಕ್ಕೆ ಹಾಲ್ ತುಂಬಿತ್ತು. ತೋಟದ ಕೆಲಸದವರ ಮನೆಯವರು, ವಾಚ್‌ಮನ್ ತಾತನ ಮೊಮ್ಮಕ್ಕಳು, ಎಲ್ಲರೂ ಒಟ್ಟಿಗೆ ಬಂದಿದ್ದರು. ಸೂಪರ್‌ವೈಸರ್ ಒಂದು ಕಂಬದ ಪಕ್ಕ ಕೈಕಟ್ಟಿ ನಿಂತಿದ್ದರು.

ಚೂಟಿ ಮೀನಿನ ಕೊನೆಯ ತುಂಡು ತಿಂದಳು. ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸರಿಸಿದಳು. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಳು.

ಅಷ್ಟರಲ್ಲಿ ಆಚೆಯ ಟೇಬಲಿನಲ್ಲಿ ಡ್ರೈವರ್ ಮಾಮನ ಮಗ ಗತ್ತಿನಿಂದ ಕೈ ಬೀಸಲು ಹೋಗಿ ಸೂಪಿನ ಬಟ್ಟಲನ್ನೇ ಉರುಳಿಸಿದ. ಈಗ ಅವನ ಮುಖ ಗೆಸ್ಟಿನ ಮುಖವಾಗಿರಲಿಲ್ಲ. ಅಮ್ಮ ಬಟ್ಟೆ ಹಿಡಿದು ಅಲ್ಲಿಗೆ ಹೋದಳು. "ಸುಟ್ಟಿಲ್ಲ ತಾನೇ ಸರ್? ಪರವಾಗಿಲ್ಲ, ಟೇಬಲ್ ಬಟ್ಟೆ ಬದಲಾಯಿಸಿದ್ರಾಯ್ತು," ಎನ್ನುತ್ತ ಟೇಬಲ್ ಒರೆಸಿದಳು.

ಇತ್ತ ಚೂಟಿಯ ತಟ್ಟೆಯಲ್ಲಿ ಸಾಸ್ ಒಣಗುತ್ತಿತ್ತು. ಸೂಪರ್‌ವೈಸರ್ ಅವರ ಕಣ್ಣು ಒಂದೊಂದೇ ಟೇಬಲ್ ದಾಟಿಕೊಂಡು ಇತ್ತಲೇ ಬರುತ್ತಿತ್ತು.

"ಅಕ್ಕಾ, ಎತ್ತಿಡ್ಲಾ?" ಎಂದ ತಮ್ಮ ಪಿಸುಮಾತಿನಲ್ಲಿ.

"ಮುಟ್ಟಬೇಡ."

"ಅಮ್ಮ ಮರೆತಿದ್ರೆ?"

"ಮರೆಯಲ್ಲ. ಸುಮ್ನಿರು."

ಚೂಟಿ ತೊಡೆಯ ಕೆಳಗಿನ ಕೈಗಳನ್ನು ಇನ್ನಷ್ಟು ಒತ್ತಿಕೊಂಡಳು. ಅಮ್ಮ ಒಮ್ಮೆಯಾದರೂ ಈ ಕಡೆ ತಿರುಗಲಿ ಎಂದುಕೊಂಡಳು. ಅಮ್ಮ ತಿರುಗಲಿಲ್ಲ. ಆದರೆ ಟೇಬಲಿಗೆ ಹೊಸ ಬಟ್ಟೆ ಹಾಸಿದವಳು, ಒದ್ದೆ ಬಟ್ಟೆಯನ್ನು ಬಡಿಸುವ ಇನ್ನೊಬ್ಬನ ಕೈಗಿತ್ತು, ಕೈ ಒರೆಸಿಕೊಂಡು ನೇರವಾಗಿ ಚೂಟಿಯ ಪಕ್ಕಕ್ಕೇ ಬಂದು ನಿಂತಳು.

"ಮುಗೀತಾ ಮೇಡಂ? ತೆಗೀಲಾ?"

"ಹೂಂ, ತೆಗೀರಿ," ಎಂದಳು ಚೂಟಿ.

ಅಮ್ಮ ಒಂದು ತಟ್ಟೆಯನ್ನು ಅಂಗೈಯಲ್ಲಿ ಇಟ್ಟಳು. ಎರಡನೆಯದನ್ನು ಮಣಿಕಟ್ಟಿನ ಮೇಲೆ ಕೂರಿಸಿದಳು. ಮೂರನೆಯದು ತೋಳಿನ ಮೇಲೆ ಕೂತಿತು. ಇದನ್ನು ಕಲಿಯಲು ಅವಳು ಮನೆಯಂಗಳದಲ್ಲಿ ಸ್ಟೀಲ್ ತಟ್ಟೆ ಹಿಡಿದು ಎಷ್ಟು ನಡೆದಿದ್ದಳೋ. ತಟ್ಟೆ ಬಿದ್ದ ಸದ್ದಿಗೆ ಕೋಳಿಗಳು ಬೇಲಿ ಹಾರುತ್ತಿದ್ದವು, ತಮ್ಮ ಚಪ್ಪಾಳೆ ತಟ್ಟುತ್ತಿದ್ದ. ಈಗ ಒಂದು ಚಮಚವೂ ಸದ್ದು ಮಾಡಲಿಲ್ಲ. ತುಂಬಿದ ಹಾಲ್‌ನಲ್ಲಿ, ಓಡಾಡುವ ಮಕ್ಕಳ ನಡುವೆ, ಬೆನ್ನು ನೆಟ್ಟಗೆ ಇಟ್ಟುಕೊಂಡು ಅಮ್ಮ ನಡೆದುಹೋದಳು.

"ಯಾರೇ ಈ ಹುಡುಗಿ? ಎಷ್ಟು ಅಚ್ಚುಕಟ್ಟಾಗಿ ಒಯ್ತಾಳೆ ನೋಡು," ಎಂದಳು ಹಿಂದಿನ ಟೇಬಲಿನ ಅಜ್ಜಿಯೊಬ್ಬಳು.

ನಮ್ಮಮ್ಮ ಎಂಬ ಮಾತು ಚೂಟಿಯ ನಾಲಿಗೆಯ ತುದಿಗೆ ಬಂತು. ಅವಳು ನೀರಿನ ಲೋಟ ಎತ್ತಿ, ಮಾತನ್ನೂ ನೀರನ್ನೂ ಒಟ್ಟಿಗೆ ನುಂಗಿದಳು. ಅಪ್ಪ ಅವಳನ್ನೇ ನೋಡುತ್ತಿದ್ದ. ಅವನ ಮುಖ ಅರಳಿತ್ತು.

ಮರುದಿನ ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ ಸೂಪರ್‌ವೈಸರ್ ಅಮ್ಮನನ್ನು ಕರೆದರು. ಚೂಟಿ ಹಣ್ಣು ಆರಿಸುವ ನೆಪದಲ್ಲಿ ಹತ್ತಿರವೇ ನಿಂತಳು.

"ಸೋಮವಾರದಿಂದ ಕಿಟಕಿ ಪಕ್ಕದ ಟೇಬಲುಗಳು ನಿಮಗೆ."

"ಆಗಲಿ ಮೇಡಂ," ಎಂದಳು ಅಮ್ಮ. ಅಷ್ಟೇ. ಆದರೆ ಏಪ್ರನ್ನಿನಲ್ಲಿ ಒಂದೂ ಸುಕ್ಕಿಲ್ಲದಿದ್ದರೂ ಅವಳ ಕೈ ಅದನ್ನು ಎರಡೆರಡು ಸಲ ನೀವಿತು.

ಗೆಸ್ಟುಗಳದೆಲ್ಲ ಆದ ಮೇಲೆ ಕೆಲಸದವರ ತಿಂಡಿ. ಅಮ್ಮ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದಳು. ಚೂಟಿ ಹೋಗಿ ಪಕ್ಕದಲ್ಲಿ ಕೂತಳು. ಇಲ್ಲಿ ಯಾರೂ ನೋಡುವವರಿರಲಿಲ್ಲ.

"ಕಾಲು ನೋಯ್ತಿದೆಯಾ ಅಮ್ಮಾ?"

"ಹೊಸ ಶೂ. ಕಚ್ಚತ್ತೆ." ಅಮ್ಮ ಬ್ರೆಡ್ಡಿನ ಕೊನೆಯ ತುಂಡು ಬಾಯಿಗೆ ಹಾಕಿಕೊಂಡಳು.

ಚೂಟಿ ಕೈ ಚಾಚಿದಳು. "ತಟ್ಟೆ ಕೊಡು, ತೊಳ್ಕೊಂಡು ಬರ್ತೀನಿ. ನಿನ್ನೆ ನನ್ನಿಂದ ಬೈಸಿಕೊಂಡ್ಯಲ್ಲ, ಅದಕ್ಕೂ ಇದಕ್ಕೂ ಸರಿಹೋಗತ್ತೆ."

ಅಮ್ಮ ತಟ್ಟೆ ಕೊಡಲಿಲ್ಲ. "ಬಸ್ಸು ಬರೋ ತನಕ ನೀನು ಗೆಸ್ಟು."

"ಹಾಗಾದ್ರೆ ಬಾಕಿ ಉಳಿದುಬಿಡತ್ತೆ."

"ಉಳೀಲಿ ಬಿಡು."

ಅಮ್ಮ ಎದ್ದಳು, ಏಪ್ರನ್ ಸರಿಮಾಡಿಕೊಂಡಳು, ತಟ್ಟೆಯನ್ನು ಅಂಗೈ ಮೇಲೆ ಕೂರಿಸಿಕೊಂಡು ಒಳಗೆ ಹೋದಳು. ಬಾಗಿಲು ಅವಳ ಹಿಂದೆ ಒಂದೆರಡು ಸಲ ತೂಗಿ ನಿಂತಿತು.

ಚೂಟಿ ಮೆಟ್ಟಿಲ ಮೇಲೆಯೇ ಕೂತಿದ್ದಳು. ಈ ಸಲ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿಯಬೇಕಾಗಿ ಬರಲಿಲ್ಲ.