ಗ್ಲೋವ್ ಬಾಕ್ಸಿನಲ್ಲಿ ಅಮ್ಮ ಇಟ್ಟದ್ದು

'ಟಕ್' ಎಂದಿತು.

ಲಾಸ್ಯ ಕೈ ನೋಡಿಕೊಂಡಳು. ಕಪ್ಪು ಪ್ಲಾಸ್ಟಿಕ್ಕಿನ ಹಿಡಿ ಅವಳ ಬೆರಳುಗಳ ನಡುವೆ ಇತ್ತು. ಗ್ಲೋವ್ ಬಾಕ್ಸಿನ ಬಾಗಿಲು ಮಾತ್ರ ಬಾಯಿ ಬಿಗಿದುಕೊಂಡು ಇದ್ದಲ್ಲೇ ಇತ್ತು.

"ಅಯ್ಯೋ ಶಿವನೇ," ಎಂದಳು, ಥೇಟ್ ಅಜ್ಜಿಯ ಹಾಗೆ.

ಕಾರು ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನ ಹೊರಗೆ, ನಿಲ್ಲಿಸಬಾರದ ಜಾಗದಲ್ಲಿ ನಿಂತಿತ್ತು. ಅಪ್ಪಾಜಿ ಬ್ಯಾಗು ಹೊತ್ತುಕೊಂಡು ಒಳಗೆ ಓಡಿದ್ದರು. ಅವರ ಹಿಂದೆ ಅಮ್ಮ ಓಡಿದ್ದಳು. "ನೀನು ಕಾರಲ್ಲೇ ಕೂತಿರು ಕಣಮ್ಮ. ಪೊಲೀಸ್‌ನೋರು ಬಂದ್ರೆ, ಅಪ್ಪಾಜಿ ಬಂದೇಬುಟ್ರು ಅನ್ನು," ಎಂದು ಅಪ್ಪಾಜಿ ಹೇಳಿ ಹೋಗಿದ್ದರು. ಅವರು ಮರೆಯಾದದ್ದೇ ತಡ, ಲಾಸ್ಯ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ದಾಟಿ ಹಿಡಿಯನ್ನು ಎಳೆದಿದ್ದಳು.

ಎಳೆಯಬಾರದಿತ್ತು. ಮನೆ ಮುಟ್ಟುವವರೆಗೆ ತೆಗೆಯಬಾರದು ಎಂಬುದು ಅಮ್ಮನ ರೂಲ್.

ಅಮ್ಮನಿಗೆ ಬ್ಯಾಂಕಿನಲ್ಲಿ ಕೆಲಸ. ಹೋದ ವರ್ಷ ಚಿತ್ರದುರ್ಗಕ್ಕೆ ಟ್ರಾನ್ಸ್‌ಫರ್ ಆಯಿತು. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆಯಲ್ಲವೇ? ಆಗ ಮಾತ್ರ ಅಮ್ಮ ಮೈಸೂರಿಗೆ ಬರುತ್ತಾಳೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೊರಟುಬಿಡುತ್ತಾಳೆ. ಕಾರಿನಿಂದ ಇಳಿಯುವ ಮುಂಚೆ "ಹೊರಗೆ ನೋಡೇ" ಎನ್ನುತ್ತಾಳೆ. ಲಾಸ್ಯ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಾಳೆ. ಆಗ ಅಮ್ಮ ಗ್ಲೋವ್ ಬಾಕ್ಸಿನಲ್ಲಿ ಏನೋ ಒಂದನ್ನು ಇಡುತ್ತಾಳೆ.

ಒಂದು ಸಲ ಹಸಿರು ಬಳೆ ಇತ್ತು. ಒಂದು ಸಲ ಕೋಟೆಯ ಹತ್ತಿರ ಸಿಕ್ಕಿದ ಕಲ್ಲು, ಆಮೆಯಂಥದ್ದು. ಇನ್ನೊಂದು ಸಲ ಬ್ಯಾಂಕಿನವರು ಬೇಡವೆಂದು ಬಿಸಾಡಲಿದ್ದ ತಾರೀಖಿನ ರಬ್ಬರ್ ಸ್ಟಾಂಪು. ಲಾಸ್ಯ ಅದನ್ನು ಮನೆಯ ಗೋಡೆಗೂ ಅಜ್ಜಿಯ ಅಂಗೈಗೂ ಒತ್ತಿ ಬೈಸಿಕೊಂಡಿದ್ದಳು.

ಇವತ್ತು ಎಲ್ಲ ಗಡಿಬಿಡಿ. ಬಸ್ಸು ಹೊರಡುವ ಹೊತ್ತಾಗಿತ್ತು. ಅಮ್ಮ "ಹೊರಗೆ ನೋಡು" ಎನ್ನಲೂ ಇಲ್ಲ. ಲಾಸ್ಯ ತಾನಾಗಿಯೇ ಮುಖ ತಿರುಗಿಸಿ ಎದುರಿನ ಹೂವಿನ ಅಂಗಡಿಯನ್ನು ನೋಡುತ್ತಾ ಕೂತಳು. 'ಡಬ್' ಎಂದು ಏನೋ ಮುಚ್ಚಿದ ಸದ್ದು ಕೇಳಿಸಿತು. ಸರಿ, ಇಟ್ಟಾಯಿತು ಎಂದುಕೊಂಡಳು. ಅಮ್ಮ ಕಿಟಕಿಯಿಂದ ಕೈ ಹಾಕಿ ಅವಳ ಕೆನ್ನೆ ಹಿಂಡಿ ಓಡಿದಳು.

ಮುರಿದ ಹಿಡಿಯನ್ನು ಲಾಸ್ಯ ಮತ್ತೆ ಅದರ ಜಾಗಕ್ಕೆ ಒತ್ತಿ ಕೂರಿಸಿದಳು. ಅದು ಅಲ್ಲಾಡುವ ಹಲ್ಲಿನ ಹಾಗೆ ಹೇಗೋ ನಿಂತಿತು. ಅಷ್ಟರಲ್ಲಿ ಅಪ್ಪಾಜಿ ಏದುಸಿರು ಬಿಡುತ್ತಾ ಬಂದರು.

"ಹತ್ತಿಸ್ಬುಟ್ಟೆ," ಎಂದು ಕಾರು ಸ್ಟಾರ್ಟ್ ಮಾಡಿದರು.

ಮನೆಯಿರುವ ಕೃಷ್ಣಮೂರ್ತಿಪುರಂ ಬರುವವರೆಗೂ ಲಾಸ್ಯ ಬಾಯಿ ಬಿಡಲಿಲ್ಲ. ಹೇಳಿದರೆ ರೂಲ್ ಮುರಿದದ್ದೂ ಹೊರಗೆ ಬರುತ್ತದೆ. ಅಪ್ಪಾಜಿ ಫೋನಿನಲ್ಲಿ ಅಮ್ಮನಿಗೆ ಹೇಳಿಯೇ ಹೇಳುತ್ತಾರೆ. ಆಮೇಲೆ ಅಮ್ಮ ಇಡುವುದನ್ನೇ ನಿಲ್ಲಿಸಿಬಿಟ್ಟರೆ?

ಸೋಮವಾರ ಸಂಜೆ ಅಮ್ಮನ ಫೋನ್ ಬಂತು.

"ಲಾಸ್ಯ, ನಿನ್ನೆ ಗ್ಲೋವ್ ಬಾಕ್ಸಲ್ಲಿ..."

"ನೋಡ್ದೆ ಅಮ್ಮ! ತುಂಬಾ ಚೆನ್ನಾಗಿತ್ತು!" ಲಾಸ್ಯ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಸೂಪರ್! ಥ್ಯಾಂಕ್ಯೂ ಅಮ್ಮ."

ಲಾಸ್ಯ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಕಾಲ್ ಕಟ್ ಆಗಿರಲಿಲ್ಲ.

"ಹೌದಾ?" ಎಂದಳು ಅಮ್ಮ. ಆಮೇಲೆ, "ಸರಿ ಕಣೆ. ಹೋಮ್‌ವರ್ಕ್ ಆಯ್ತಾ?"

ದಿನವೂ ಫೋನ್ ಬಂತು. ಅಮ್ಮ ಆ ಮಾತನ್ನು ಮತ್ತೆ ಎತ್ತಲಿಲ್ಲ. ಸದ್ಯ, ಎಂದುಕೊಂಡು ಲಾಸ್ಯಳೂ ಎತ್ತಲಿಲ್ಲ.

ಆದರೆ ಒಳಗಿರುವುದು ಏನು?

ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುವ ಸಿಂಚನಳಿಗೆ ಮಾತ್ರ ವಿಷಯ ಗೊತ್ತಿತ್ತು. ಅವಳು ಟಿಫನ್ ಬಾಕ್ಸಿನ ಮುಚ್ಚಳ ತೆಗೆಯುತ್ತಾ ಯೋಚಿಸಿದಳು.

"ಚಾಕ್ಲೇಟ್ ಆಗಿದ್ರೆ ಮುಗೀತು ಬಿಡು. ಈ ಬಿಸಿಲಿಗೆ ಕರಗಿ ನಿಮ್ಮಪ್ಪನ ಇನ್ಶೂರೆನ್ಸ್ ಪೇಪರ್‌ಗೆಲ್ಲ ಮೆತ್ಕೊಂಡಿರುತ್ತೆ."

"ನಮ್ಮಮ್ಮ ಚಾಕ್ಲೇಟ್ ತರಲ್ಲ."

"ಹಣ್ಣು?"

"ಹಣ್ಣಾದ್ರೆ ವಾಸನೆ ಬರ್ಬೇಕಲ್ವಾ?"

"ಬರ್ಬೇಕು. ಇರುವೆನೂ ಬರ್ಬೇಕು. ಇರುವೆ ಬಂದ್ರೆ ತಿನ್ನೋದು, ಬರ್ದೇ ಇದ್ರೆ ಆಟದ ಸಾಮಾನು," ಎಂದು ಸಿಂಚನ ದೊಡ್ಡ ವಿಜ್ಞಾನಿಯ ಹಾಗೆ ಹೇಳಿದಳು. "ಬೆಕ್ಕಿನ ಮರಿ ಆಗಿದ್ರೆ?"

"ಥೂ, ಸುಮ್ನಿರೇ! ಮಿಯಾಂವ್ ಅಂತಿರ್ಲಿಲ್ವಾ?"

ಅಪ್ಪಾಜಿ ಹೂಟಗಳ್ಳಿಯ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಲಾಸ್ಯಳಿಗಿಂತ ವಯಸ್ಸಿನಲ್ಲಿ ದೊಡ್ಡದಾದ ಆ ಬಿಳಿ ಕಾರು ವಾರವಿಡೀ ಮನೆಯ ಮುಂದೆ ಕವರ್ ಹೊದ್ದುಕೊಂಡು ನಿಂತಿರುತ್ತದೆ. ಸ್ಕೂಲಿನಿಂದ ಬಂದವಳೇ ಲಾಸ್ಯ ಕವರನ್ನು ಸ್ವಲ್ಪ ಎತ್ತಿ, ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು.

"ಏನೇ ಅದು, ದಿನಾ ಕಾರಿಗೆ ಜ್ವರ ನೋಡ್ತೀಯಾ?" ಎಂದು ಅಜ್ಜಿ ಬಾಗಿಲಿನಿಂದ ಕೇಳಿದರು.

ಗುರುವಾರ ಇರುವೆಗಳು ಕಾಣಿಸಿದವು! ಕಿಟಕಿಯ ರಬ್ಬರಿನ ಸಂದಿಯಿಂದ ಒಂದು ಸಾಲು ಹೊರಟು ಗ್ಲೋವ್ ಬಾಕ್ಸಿನ ಮೇಲೆ ಹರಿದಿತ್ತು. ಸಾಲು ಗ್ಲೋವ್ ಬಾಕ್ಸಿನ ಅಂಚು ಮುಟ್ಟಿತು, ಅಲ್ಲಿ ನಿಲ್ಲಲೇ ಇಲ್ಲ. ಕೆಳಗಿಳಿದು, ಸೀಟಿನ ಪಕ್ಕದಿಂದ ಹಿಂದೆ ಹೋಗಿ, ಎಂದೋ ಅವಳೇ ಬೀಳಿಸಿದ್ದ ರಸ್ಕಿನ ಚೂರಿನ ಸುತ್ತ ಗುಂಪಾಗಿತ್ತು.

ಹಾಗಾದರೆ ತಿನ್ನುವುದಲ್ಲ.

ಏನೇ ಆಗಿರಲಿ, ಅದನ್ನು ಅಮ್ಮನ ಕೈ ಮುಟ್ಟಿತ್ತು. ಅದು ಅಲ್ಲಿ, ಕತ್ತಲಲ್ಲಿ, ಇವಳು ಯಾಕೆ ಬರಲಿಲ್ಲ ಎಂದು ಕಾಯುತ್ತಿದೆ ಎನ್ನಿಸಿ ಲಾಸ್ಯಳಿಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪಾಜಿ ಕಾರು ತೊಳೆದರು. "ಎಮಿಷನ್ ಸರ್ಟಿಫಿಕೇಟ್ ಡೇಟ್ ಮುಗೀತೇನೋ, ನೋಡೋಣ," ಎಂದು ಮುಂದಿನ ಬಾಗಿಲು ತೆಗೆದು ಗ್ಲೋವ್ ಬಾಕ್ಸಿಗೆ ಕೈ ಹಾಕಿದರು. ಹಿಡಿ ಅವರ ಕೈಗೆ ಬಂತು.

"ಇದೇನಿದು! ಕಿತ್ಕೊಂಡೇ ಬಂದ್ಬುಡ್ತಲ್ಲ!" ಅಪ್ಪಾಜಿ ಗಾಜು ಒಡೆದ ಹುಡುಗನ ಹಾಗೆ ಸುತ್ತ ನೋಡಿದರು. "ನಾನು ಮೆಲ್ಲಗೇ ಎಳೆದೆ ಕಣಮ್ಮ. ನಿಮ್ಮಮ್ಮಂಗೆ ಹೇಳ್ಬೇಡ."

ಲಾಸ್ಯಳಿಗೆ ತಡೆಯಲಾಗಲಿಲ್ಲ. "ಅದು ಮೊದ್ಲೇ ಹೋಗಿತ್ತು ಅಪ್ಪಾಜಿ. ನಾನೇ ಮುರಿದಿದ್ದು. ಹೋದ ಭಾನುವಾರ, ಬಸ್ ಸ್ಟ್ಯಾಂಡಲ್ಲಿ."

"ಮನೆಗೆ ಬರೋ ಮುಂಚೆನೇ ಎಳೆದ್ಯಾ?"

ಲಾಸ್ಯ ತಲೆಯಾಡಿಸಿದಳು.

"ಮತ್ತೆ ಫೋನಲ್ಲಿ ಚೆನ್ನಾಗಿತ್ತು, ಸೂಪರ್ ಅಂತಿದ್ದೆ?"

ಅಪ್ಪಾಜಿ ಮೀಸೆಯ ಕೆಳಗೆ ನಗು ಅದುಮಿಕೊಂಡರು. "ಅಂದ್ರೆ ಒಂದು ವಾರದಿಂದ ಒಳಗೇನಿದೆ ಅಂತ ಗೊತ್ತಿಲ್ದೆ ಒದ್ದಾಡ್ತಿದ್ದೀಯ. ಬಾ, ನೋಡೇಬಿಡೋಣ."

ಅವರು ಸ್ಕ್ರೂಡ್ರೈವರ್ ಇಟ್ಟು ಮೀಟಲು ನೋಡಿದರು. ಪ್ಲಾಸ್ಟಿಕ್ಕು ಕಿರುಗುಟ್ಟಿತು. "ಊಹೂಂ, ಸೀಳೋಗುತ್ತೆ," ಎಂದು ಕೈ ತೆಗೆದರು. ಫೋನಿನ ಟಾರ್ಚನ್ನು ಮೇಲಿನ ಸಂದಿಗೆ ಹಿಡಿದರು. "ಇಲ್ಲಿ ನೋಡು. ಒಳಗೆ ಒಂದು ಕಬ್ಬಿಣದ ನಾಲಿಗೆ ಇದೆ. ಹಿಡಿ ಎಳೆದ್ರೆ ಅದು ಕೆಳಗೆ ಇಳೀಬೇಕು. ಈಗ ಎಳೆಯಕ್ಕೆ ಹಿಡಿನೇ ಇಲ್ಲ, ಅದಕ್ಕೇ ಹಂಗೇ ಕಚ್ಕೊಂಡು ಕೂತಿದೆ. ತೆಳ್ಳಗಿರೋದು ಏನಾದ್ರೂ ತಗೊಂಬಾ."

ಲಾಸ್ಯ ಓಡಿಹೋಗಿ ಸ್ಟೀಲ್ ಸ್ಕೇಲ್ ತಂದಳು. ಸ್ಕೇಲ್ ಸಂದಿಯೊಳಗೆ ಇಳಿಯಿತು. ಅಪ್ಪಾಜಿ ಒತ್ತಿದರು, ಜಾರಿತು. ಮತ್ತೆ ಒತ್ತಿದರು, ಮತ್ತೆ ಜಾರಿತು.

"ನೀನೇ ಒತ್ತು. ನಾನು ಬಾಗಿಲು ಹಿಡ್ಕೊಂಡು ಎಳೀತೀನಿ. ನಾಲಿಗೆ ಸಿಕ್ತಾ?"

"ಸಿಕ್ತು."

"ಹಾ, ಒತ್ತು!"

ಬಾಗಿಲು ಧೊಪ್ಪೆಂದು ಲಾಸ್ಯಳ ಮಂಡಿಯ ಮೇಲೆ ಬಿತ್ತು.

ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಕಾರಿನ ಕಾಗದಗಳಿದ್ದವು. ಹಳದಿ ಬಟ್ಟೆ ಒಂದಿತ್ತು. ಒಂದು ಪೆನ್ನು, ಅರ್ಧ ಊದುಬತ್ತಿ ಪ್ಯಾಕೆಟ್ಟು, ಮಾಸಿದ ಪಾರ್ಕಿಂಗ್ ಚೀಟಿಗಳು.

ಅಷ್ಟೇ.

"ತಾಳು, ಹಿಂದಕ್ಕೆ ಜಾರಿರುತ್ತೆ," ಎಂದರು ಅಪ್ಪಾಜಿ. ಒಳಗೆ ಕೈ ಹಾಕಿ ತಡಕಿದರು. ಕೆಳಗಿನ ಸ್ಕ್ರೂ ಬಿಚ್ಚಿ ಇಡೀ ಪೆಟ್ಟಿಗೆಯನ್ನೇ ಹೊರಗೆ ತೆಗೆದರು. ಅದರ ಹಿಂದೆ ವೈರುಗಳೂ ಧೂಳೂ ಇದ್ದವು. ಹಳದಿ ಬಟ್ಟೆಯನ್ನು ಕೊಡವಿದರು. ಪೇಪರುಗಳನ್ನು ಒಂದೊಂದಾಗಿ ಬಿಡಿಸಿದರು. ಊದುಬತ್ತಿ ಪ್ಯಾಕೆಟ್ಟಿನೊಳಕ್ಕೂ ಇಣುಕಿದರು.

"ಸಾಕು ಅಪ್ಪಾಜಿ," ಎಂದಳು ಲಾಸ್ಯ.

ಅಪ್ಪಾಜಿ ಅವಳ ತಲೆ ಸವರಿದರು. ಅವರಿಗೆ ಮಾತು ತೋಚದಿದ್ದಾಗ ಕೈ ಕೆಲಸ ಹುಡುಕುತ್ತದೆ. ಹಳೇ ಸೈಕಲ್ ಚಕ್ರದಿಂದ ಒಂದು ಕಡ್ಡಿ ಕತ್ತರಿಸಿ ತಂದರು. ಹಿಡಿಯ ಮುರಿದ ಕಿವಿಯಲ್ಲಿ ಕಾಯಿಸಿದ ಸೂಜಿಯಿಂದ ತೂತು ಮಾಡಿ, ಕಡ್ಡಿಯನ್ನು ಅದರೊಳಗೆ ತೂರಿಸಲು ಕೂತರು.

ಲಾಸ್ಯ ಖಾಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಹಾಗಾದರೆ ಅವತ್ತಿನ ಆ 'ಡಬ್' ಸದ್ದು ಕಾರಿನ ಬಾಗಿಲಿನದು. ಸೋಮವಾರ ಅಮ್ಮ ಫೋನ್ ಮಾಡಿದ್ದು ಏನನ್ನೋ ಹೇಳಲು. "ನಿನ್ನೆ ಗ್ಲೋವ್ ಬಾಕ್ಸಲ್ಲಿ..." ಅಷ್ಟರಲ್ಲಿ ತಾನು, ಸೂಪರ್, ಥ್ಯಾಂಕ್ಯೂ!

ಅವಳ ಕಿವಿ ಬಿಸಿಯಾಯಿತು. ತಾನು ಹೇಳಿದ್ದು ಸುಳ್ಳು ಎಂದು ವಾರವೆಲ್ಲ ಅಮ್ಮನಿಗೆ ಗೊತ್ತಿತ್ತು. ಒಂದು ದಿನವೂ ಕೇಳಿರಲಿಲ್ಲ.

ಸೀಟಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಅಮ್ಮ.

"ಏನ್ ಮಾಡ್ತಿದ್ದೀರ ಅಪ್ಪ ಮಗಳು?"

"ಗ್ಲೋವ್ ಬಾಕ್ಸ್ ರಿಪೇರಿ." ಲಾಸ್ಯ ಮಡಿಲಿನ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಹಿಡಿ ಮುರಿದೋಗಿತ್ತು ಅಮ್ಮ. ನೀನು ಹೋದ ದಿನಾನೇ ನಾನು ಮುರಿದ್ಬಿಟ್ಟೆ. ಇವತ್ತೇ ತೆಗೆದಿದ್ದು."

ಚಿತ್ರದುರ್ಗದಲ್ಲಿ ಅಮ್ಮ ಒಬ್ಬಳೇ ಇರುವ ಕೋಣೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು.

"ಅಮ್ಮಾ, ಸೋಮವಾರ ನೀನು ಏನೋ ಹೇಳಕ್ಕೆ ಹೊರಟಿದ್ದೆ. ನಾನು ಮಧ್ಯ ಬಾಯಿ ಹಾಕ್ದೆ. ಈಗ ಹೇಳು."

"ಇಡೋದನ್ನೇ ಮರೆತೋದೆ ಕಣೆ," ಎಂದಳು ಅಮ್ಮ ಮೆಲ್ಲಗೆ. "ಆ ವಾರ ಬ್ಯಾಂಕಲ್ಲಿ ಆಡಿಟ್ಟು, ಏನೂ ತರಕ್ಕಾಗ್ಲಿಲ್ಲ. ಮೈಸೂರಲ್ಲೇ ಏನಾದ್ರೂ ತಗೊಂಡು ಇಡೋಣ ಅಂದ್ಕೊಂಡಿದ್ದೆ. ಅದೂ ಮರೆತೋಯ್ತು. ಬಸ್ಸು ಶ್ರೀರಂಗಪಟ್ಟಣ ದಾಟಿದ್ಮೇಲೆ ನೆನಪಾಯ್ತು. ಇಳಿದು ವಾಪಸ್ ಬಂದ್ಬಿಡೋಣ ಅನ್ನಿಸ್ತು."

"ನಿಜವಾಗ್ಲೂ?"

"ನಿಜವಾಗ್ಲೂ. ಎದ್ದೂ ನಿಂತ್ಕೊಂಡೆ. ಕಂಡಕ್ಟರ್ರು, ಎಲ್ಲಿಗಮ್ಮಾ, ಇಲ್ಲಿ ಸ್ಟಾಪ್ ಇಲ್ಲ ಅಂದ್ರು. ಕೂತ್ಕೊಂಡೆ."

ಲಾಸ್ಯಳಿಗೆ ಓಡುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಅಮ್ಮ ಕಂಡಳು. ಬಸ್ಸು ಹೊರಟ ಮೇಲೆ ಅಮ್ಮನಿಗೆ ಏನಾಗುತ್ತದೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಬಸ್ಸು ಆ ಕಡೆ ತಿರುಗುತ್ತಿತ್ತು, ಇವಳ ಕಣ್ಣು ಗ್ಲೋವ್ ಬಾಕ್ಸಿನ ಕಡೆ ತಿರುಗುತ್ತಿತ್ತು.

"ಅಮ್ಮಾ, ಕಿಟಕಿ ಸೀಟು ಸಿಕ್ಕಿತ್ತಾ?"

"ಏನಂದೆ?"

"ಬಸ್ಸಲ್ಲಿ. ಕಿಟಕಿ ಸೀಟು."

ಅಮ್ಮ ಮೂಗು ಎಳೆದುಕೊಂಡದ್ದು ಕೇಳಿಸಿತು. "ಇಲ್ಲ ಕಣೆ. ಕಿಟಕಿ ಹತ್ರ ಒಬ್ರು ಅಜ್ಜಿ ಇದ್ರು. ತೊಡೆ ಮೇಲೆ ಇಷ್ಟು ದೊಡ್ಡ ಗೋಡೆ ಗಡಿಯಾರ ಇಟ್ಕೊಂಡಿದ್ರು. ಗಂಟೆಗೊಂದ್ಸಲ ಢಣ್ ಢಣ್ ಅಂತ ಹೊಡೀತಿತ್ತು. ಮಲಗಿದ್ದೋರೆಲ್ಲ ಬೆಚ್ಚಿ ಬೀಳೋರು."

"ಆಮೇಲೆ?"

"ಆಮೇಲೆ ಡ್ರೈವರ್ರು, ಅಜ್ಜಿ, ಅದರ ಬಾಯಿಗೆ ಬಟ್ಟೆ ತುರುಕಿ ಅಂದ್ರು. ಅಜ್ಜಿಗೆ ಸಿಟ್ಟು ಬಂತು."

ಅಪ್ಪಾಜಿ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡು, ಕೆಲಸ ನಿಲ್ಲಿಸಿ ಕೂತಿದ್ದರು. ಲಾಸ್ಯ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಕಾಲು ಮಡಿಚಿ, ತಾನೂ ಆ ಬಸ್ಸಿನಲ್ಲೇ ಕೂತವಳ ಹಾಗೆ ಸೀಟಿಗೆ ಒರಗಿದಳು.

"ಈಗ ಯಾವೂರು ಬಂತು?"

"ಈಗ ಕೆ.ಆರ್. ಪೇಟೆ."

"ಆಮೇಲೆ?"

ಚಿತ್ರದುರ್ಗ ಇನ್ನೂ ದೂರವಿತ್ತು.