ಬಾನೆಟ್ಟಿನೊಳಗಿನ ಕುಂಕುಮ

ವಿಜಯದಶಮಿಯ ಬೆಳಿಗ್ಗೆ ಇಂದಿರಾಪುರಂ ಫ್ಲೈಓವರಿನ ಇಳಿಜಾರಿನಲ್ಲಿ ಸಂಕಪ್ಪನವರ ಕಾರಿಗೆ ಬ್ರೇಕ್ ಹಿಡಿಯಲಿಲ್ಲ. ಬಲಮಗ್ಗುಲು ಕಂಬಕ್ಕೆ ಬಡಿಯಿತು. ದಿಲ್ಲಿಯ ಓಖ್ಲಾದಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದ ಸಂಕಪ್ಪ ಅಲ್ಲೇ ತೀರಿಕೊಂಡರು. ಬ್ರೇಕ್ ಆಯಿಲ್ ಪೈಪಿನ ನಟ್ಟನ್ನು ಯಾರೋ ಸಡಿಲಿಸಿದ್ದರು.

ಸಂಜೆಯೊಳಗೆ ಪೊಲೀಸರಿಗೆ ಅಪರಾಧಿ ಸಿಕ್ಕಿಬಿಟ್ಟ. ಬಡವನಾದರೆ ಬೇಗ ಸಿಗುತ್ತಾನೆ. ಕಾರು ತೊಳೆಯುವ ಬ್ರಿಜೇಶ್, ಆಯುಧಪೂಜೆಗೆಂದು ಹಿಂದಿನ ದಿನ ಎಂಜಿನ್ ಒರೆಸಿ ಪಾಲಿಶ್ ಹಾಕಿದ್ದ. ಕಾರಿಗೆ ಗೀರು ಬಿತ್ತೆಂದು ಸಂಕಪ್ಪ ಅವನ ಕೆನ್ನೆಗೆ ಹೊಡೆದದ್ದನ್ನು ಅಪಾರ್ಟ್‌ಮೆಂಟ್ ಸೊಸೈಟಿಯೆಲ್ಲ ನೋಡಿತ್ತು. ಲಾಕಪ್ಪಿಗೆ ಇನ್ನೇನು ಬೇಕು?

* * *

ವಿಮಾ ಕಂಪನಿಯ ಸರ್ವೇಯರ್ ರತ್ನಪ್ರಭಾ ಠಾಣೆಯ ಅಂಗಳದಲ್ಲಿ ಬಾನೆಟ್ ಎತ್ತಿದಳು. ಒಳಗೆಲ್ಲ ಫಳಫಳ. ಬೆರಳಿಟ್ಟರೆ ಜಿಡ್ಡು. ಸೋರಿದ ಆಯಿಲ್ ಯಾವುದು, ಪಾಲಿಶ್ ಯಾವುದು, ಕಣ್ಣಿಗೆ ಗೊತ್ತಾಗುವಂತಿರಲಿಲ್ಲ. ಬ್ಯಾಟರಿಯ ಮುಚ್ಚಳದ ಮೇಲೆ ಜಿಡ್ಡಿನಡಿ ಕೆಂಪು ಕರಗಿ ಹರಿದಿತ್ತು.

ಪೊಲೀಸರು ತಂದಿಟ್ಟಿದ್ದ ಬ್ರಿಜೇಶನ ಬಕೆಟ್ಟಿನಲ್ಲಿದ್ದ ಬಾಟಲಿ ಬೇರೆ ಜಾತಿಯದು. ನೀರಿನಂಥ ಪಾಲಿಶ್. ಹಚ್ಚಿದರೆ ಒಣಗುತ್ತದೆ, ಹೊಳೆಯುವುದಿಲ್ಲ. ದಿಲ್ಲಿಯ ಧೂಳಿಗೆ ಅದೇ ಸರಿ. ಅದರ ಮೇಲೆ ಒಂದು ತೊಟ್ಟು ಆಯಿಲ್ ಸೋರಿದರೂ ಎದ್ದು ಕಾಣುತ್ತದೆ.

ಇನ್ಸ್‌ಪೆಕ್ಟರ್ ಆಕಳಿಸಿದ. ಬ್ರಿಜೇಶ್ ಬೇಡವಾದರೆ ಸಂಕಪ್ಪನವರ ಸೋದರಳಿಯ ತಿಲಕನನ್ನು ತರುತ್ತೇನೆ, ಹೋಟೆಲಿನ ಗಲ್ಲಾ ಈಗ ಅವನದೇ ಎಂದ. ಆದರೆ ಗಲ್ಲಾದಲ್ಲಿ ಅವನನ್ನು ಕೂರಿಸಿದ್ದು ಸ್ವತಃ ಸಂಕಪ್ಪ. ಅಪಘಾತದ ಹಿಂದಿನ ರಾತ್ರಿ ತಿಲಕ್ ಹೋಟೆಲಿನ ಗ್ರೈಂಡರಿಗೆ ಪೂಜೆ ಮಾಡಿ, ಕೆಲಸದವರ ಜತೆ ಅಲ್ಲೇ ಮಲಗಿದ್ದ.

* * *

ಸಂಕಪ್ಪನವರ ಮನೆಯ ಪಾರ್ಕಿಂಗಿನಲ್ಲಿ ಮಗ ಸುಶಾಂತನ ಬೈಕ್ ನಿಂತಿತ್ತು. ರತ್ನಪ್ರಭಾ ಅದರ ಎಂಜಿನ್ ಮುಟ್ಟಿದಳು. ಅದೇ ಜಿಡ್ಡು, ಅದೇ ಹೊಳಪು. ಅವಳಿಗೆ ಮೇಲೆ ಹೋಗುವುದೇ ಬೇಡವೆನಿಸಿತು. ಹೋದಳು, ಇನ್ಸ್‌ಪೆಕ್ಟರನ ಜತೆ.

ಉಮಾವತಿ ಗಂಡನ ಫೋಟೋ ಎದುರು ಕುಳಿತಿದ್ದರು. ಪಕ್ಕದಲ್ಲಿ ಸುಶಾಂತ್.

"ಅಮ್ಮಾ, ಕಾರಿನ ಕೀ ಆ ರಾತ್ರಿ ಎಲ್ಲಿತ್ತು?"

"ದೇವರ ಮುಂದೆ. ಆಯುಧಪೂಜೆ ಆದ ಮೇಲೆ ಬೆಳಿಗ್ಗೆವರೆಗೂ ಅಲ್ಲೇ ಇಡೋದು. ಬ್ರಿಜೇಶ್ ಪೂಜೆಗೆ ಮೊದಲೇ ಕೊಟ್ಟು ಹೋಗಿದ್ದ."

ಕೀ ಇಲ್ಲದೆ ಆ ಬಾನೆಟ್ ತೆರೆಯುವುದಿಲ್ಲ. ರತ್ನಪ್ರಭಾ ಮೆಲ್ಲಗೆ ಹೇಳಿದಳು. ಕುಂಕುಮ ಜಿಡ್ಡಿನ ಕೆಳಗಿದೆ. ಅಂದರೆ ಆ ಜಿಡ್ಡು ಬಂದದ್ದು ಪೂಜೆಯ ನಂತರ, ಈ ಮನೆಯ ಕೀ ಹಿಡಿದವರಿಂದ. ಸೋರುವ ಒದ್ದೆ ಮುಚ್ಚಲು ಒಣಗದ ಪಾಲಿಶೇ ಬೇಕಿತ್ತು. ಹಾಕಿದವರಿಗೆ ಬಾನೆಟ್ಟಿನೊಳಗೂ ಕುಂಕುಮ ಇಡುತ್ತಾರೆಂಬುದು ಗೊತ್ತಿರಲಿಲ್ಲ. ಕತ್ತಲಲ್ಲಿ ಕಾಣಲೂ ಇಲ್ಲ.

"ಎಂಜಿನ್ನಿಗೆ ಕುಂಕುಮ ಹಚ್ಚಿದ್ದು ನೀವೇನಾ? ಪೂಜೆಗೆ ಸುಶಾಂತ್ ಇದ್ದನಾ?"

ಉಮಾವತಿ ಮಗನತ್ತ ತಿರುಗಿದರು. ಪೂಜೆಗೆ ಕರೆದಾಗ ಅವನು ಕೋಣೆಯ ಬಾಗಿಲೇ ತೆರೆದಿರಲಿಲ್ಲ. ತನ್ನನ್ನು ಬಿಟ್ಟು ತಿಲಕನನ್ನು ಗಲ್ಲಾದಲ್ಲಿ ಕೂರಿಸಿದಂದಿನಿಂದ ಅಪ್ಪನ ಜತೆ ಮಾತು ಬಿಟ್ಟಿದ್ದ.

ಇಲ್ಲ ಎಂದರೆ ಸಾಕಿತ್ತು, ಕುಂಕುಮವೂ ಅದರ ಮೇಲಿನ ಜಿಡ್ಡೂ ಪೂಜೆಗೆ ಮೊದಲೇ ಬ್ರಿಜೇಶ್ ಹಾಕಿದ್ದು ಎನ್ನಬಹುದಿತ್ತು. ಮಗ ಉಳಿಯುತ್ತಿದ್ದ, ಬ್ರಿಜೇಶ್ ಕೊಳೆಯುತ್ತಿದ್ದ.

"ಮಮ್ಮಿ," ಸುಶಾಂತ್ ತಾಯಿಯ ಸೆರಗು ಹಿಡಿದ. "ಬೋಲ್ ದೋ ನಾ, ನಹೀ ಲಗಾಯಾ."

ಕೊಲೆಗಾರ ಒಪ್ಪಿಕೊಂಡದ್ದು ಹೀಗೆ. ಹಚ್ಚಿಲ್ಲ ಅಂತ ಹೇಳಿಬಿಡು ಎಂದು ತಾಯಿಯನ್ನೇ ಬೇಡಿಕೊಂಡು.

ಉಮಾವತಿ ಅವನು ಹಿಡಿದಿದ್ದ ಸೆರಗನ್ನು ಬಿಡಿಸಿಕೊಂಡರು.

"ನಾನೇ ಹಚ್ಚಿದ್ದು," ಎಂದರು. "ನಿಮ್ಮಪ್ಪನಿಗೆ ಏನೂ ಆಗದಿರಲಿ ಅಂತ."